ಚೆಂಡು ಎಸೆಯುವವರು ಬದಲಾದರೆ ಟೈಟ್ ಎಂಡ್ ಬೆಲೆ ಏನಾಗುತ್ತದೆ?

ಪ್ರಶ್ನೆ: ನಾನು ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದೇನೆ. ನಮ್ಮ ಕಚೇರಿಯ ಹನ್ನೆರಡು ತಂಡಗಳ ಫ್ಯಾಂಟಸಿ ಫುಟ್‌ಬಾಲ್ ಲೀಗ್‌ನಲ್ಲಿ (ಅಮೆರಿಕನ್ ಫುಟ್‌ಬಾಲ್‌ನ ನಿಜವಾದ ಆಟಗಾರರನ್ನು ಆರಿಸಿಕೊಂಡು, ಅವರ ಆಟಕ್ಕೆ ತಕ್ಕಂತೆ ಅಂಕ ಗಳಿಸುವ ಆಟ) ಇದು ನನ್ನ ಎರಡನೇ ವರ್ಷ. ಒಂದು ಕ್ಯಾಚಿಗೆ ಒಂದು ಅಂಕ, ಹತ್ತು ಯಾರ್ಡಿಗೆ ಒಂದು ಅಂಕ, ಚೆಂಡನ್ನು ಎದುರಾಳಿಯ ಗೋಲ್ ಗೆರೆ ದಾಟಿಸುವ ಟಚ್‌ಡೌನಿಗೆ ಆರು ಅಂಕ ಎಂಬ ಲೆಕ್ಕ ನಮ್ಮದು. ನನ್ನ ಟೈಟ್ ಎಂಡ್‌ಗೆ (ಚೆಂಡು ಹಿಡಿಯುವ, ಎದುರಾಳಿಗಳನ್ನು ಅಡ್ಡಗಟ್ಟಿ ಬ್ಲಾಕ್ ಮಾಡುವ ಎರಡೂ ಕೆಲಸದ ಆಟಗಾರ) ಪಂದ್ಯಕ್ಕೆ ಸರಾಸರಿ ಏಳು ಟಾರ್ಗೆಟ್, ಅಂದರೆ ಅವರತ್ತ ಎಸೆದ ಎಸೆತಗಳು, ಬರುತ್ತಿದ್ದವು. ಕಳೆದ ಭಾನುವಾರ ಆ ತಂಡದಲ್ಲಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಗಾಯಗೊಂಡು ಇಡೀ ಋತುವಿಗೆ ಹೊರಗುಳಿದಿದ್ದಾರೆ. ಬದಲಿ ಆಟಗಾರ ಬಂದ ಮೇಲೆ ಟೈಟ್ ಎಂಡ್‌ಗೆ ಬೆಲೆಯಿರುವುದಿಲ್ಲ, ಈಗಲೇ ಕೊಟ್ಟು ತನ್ನ ಮೂರನೇ ರನ್ನಿಂಗ್ ಬ್ಯಾಕನ್ನು (ಚೆಂಡು ಹಿಡಿದು ಓಡುವ ಆಟಗಾರ) ತೆಗೆದುಕೊಳ್ಳಿ ಎಂದು ಸಹೋದ್ಯೋಗಿಯೊಬ್ಬರು ಒತ್ತಾಯಿಸುತ್ತಿದ್ದಾರೆ. ಕೊಡಲೇ?

ಉತ್ತರ: ಈ ವಾರ ಕೊಡಬೇಡಿ. ಕನಿಷ್ಠ ಎರಡು ಪಂದ್ಯ ನೋಡಿ, ಆಮೇಲೆ ತೀರ್ಮಾನಿಸಿ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ಕ್ವಾರ್ಟರ್‌ಬ್ಯಾಕ್ ಬದಲಾದ ಸುದ್ದಿ ಬಂದ ಮರುದಿನವೇ ಗಾಬರಿಯಿಂದ ಒಳ್ಳೆಯ ಟೈಟ್ ಎಂಡನ್ನು ಅಗ್ಗಕ್ಕೆ ಬಿಟ್ಟುಕೊಡುವವರನ್ನು ಪ್ರತಿ ವರ್ಷ ನೋಡುತ್ತಿದ್ದೇನೆ. 2018ರಲ್ಲಿ ನಾನೇ ಟೈಟ್ ಎಂಡ್ ಜಾರ್ಜ್ ಕಿಟಲ್ ಅವರನ್ನು ಹಾಗೆ ಬಿಟ್ಟುಕೊಟ್ಟಿದ್ದೆ. ಆ ನಷ್ಟವನ್ನು ಋತು ಮುಗಿಯುವವರೆಗೂ ತುಂಬಿಕೊಳ್ಳಲು ಆಗಲಿಲ್ಲ.

ಆ ವರ್ಷ ಸೆಪ್ಟೆಂಬರ್ 23ರಂದು ಕಾನ್ಸಸ್ ಸಿಟಿಯಲ್ಲಿ ನಡೆದ ಋತುವಿನ ಮೂರನೇ ಪಂದ್ಯದಲ್ಲಿ ಕಿಟಲ್ ಅವರ ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಜಿಮ್ಮಿ ಗರೊಪೊಲೊ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡರು. ಅವರ ಜಾಗಕ್ಕೆ ಮೊದಲು ಸಿ.ಜೆ. ಬೆತರ್ಡ್, ಅವರ ನಂತರ ಡ್ರಾಫ್ಟ್‌ನಲ್ಲಿ (ತಂಡಗಳು ಸುತ್ತುಸುತ್ತಾಗಿ ಸರದಿಯಂತೆ ಆಟಗಾರರನ್ನು ಆರಿಸುವುದು) ಯಾವ ತಂಡವೂ ಆರಿಸದೆ ಉಳಿದಿದ್ದ ನಿಕ್ ಮಲೆನ್ಸ್ ಬಂದರು. ತಂಡ ಆಡಿದ ಹದಿನಾರು ಪಂದ್ಯಗಳಲ್ಲಿ ಗೆದ್ದದ್ದು ನಾಲ್ಕನ್ನು ಮಾತ್ರ. ಆದರೆ ಕಿಟಲ್ ಆ ಋತುವಿನಲ್ಲಿ 136 ಟಾರ್ಗೆಟ್‌ಗಳಿಂದ 88 ಕ್ಯಾಚ್ ಹಿಡಿದು 1,377 ಯಾರ್ಡ್ ಗಳಿಸಿದರು. ಡಿಸೆಂಬರ್ 9ರಂದು ಡೆನ್ವರ್ ವಿರುದ್ಧ ಮಲೆನ್ಸ್ ಎಸೆಯುತ್ತಿದ್ದಾಗ ಮೊದಲಾರ್ಧವೊಂದರಲ್ಲೇ ಅವರಿಗೆ 210 ಯಾರ್ಡ್ ಬಂದವು. ಋತುವಿನ ಕೊನೆಯ ದಿನ ಕಾನ್ಸಸ್ ಸಿಟಿಯ ಟ್ರಾವಿಸ್ ಕೆಲ್ಸಿ 1,336 ಯಾರ್ಡ್ ತಲುಪಿ, ರಾಬ್ ಗ್ರಾಂಕೊವ್‌ಸ್ಕಿ 2011ರಲ್ಲಿ ಬರೆದಿದ್ದ 1,327 ಯಾರ್ಡ್‌ಗಳ ಟೈಟ್ ಎಂಡ್ ದಾಖಲೆಯನ್ನು ಮುರಿದರು. ಅದೇ ದಿನ ಕಿಟಲ್ ಕೆಲ್ಸಿಯವರನ್ನೂ ದಾಟಿದರು. ಒಬ್ಬರಿಗೆ ಚೆಂಡು ಎಸೆದವರು ಆ ವರ್ಷ 50 ಟಚ್‌ಡೌನ್ ಪಾಸ್ ಕೊಟ್ಟ ಪ್ಯಾಟ್ರಿಕ್ ಮಹೋಮ್ಸ್, ಇನ್ನೊಬ್ಬರಿಗೆ ಋತುವಿನ ಬಹುಪಾಲು ಎಸೆದವರು ಇಬ್ಬರು ಬದಲಿ ಆಟಗಾರರು. ಯಾರ್ಡ್‌ಗಳಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮಸಮ. ವ್ಯತ್ಯಾಸ ಕಂಡದ್ದು ಟಚ್‌ಡೌನ್‌ನಲ್ಲಿ: ಕೆಲ್ಸಿಗೆ ಹತ್ತು, ಕಿಟಲ್‌ಗೆ ಐದು.

ನಿಮ್ಮ ಪ್ರಶ್ನೆಯ ಮುಖ್ಯ ಉತ್ತರ ಈ ಅಂಕಿಗಳಲ್ಲೇ ಇದೆ. ಟಾರ್ಗೆಟ್ ಮತ್ತು ಕ್ಯಾಚ್ ನೀರಾವರಿ ಗದ್ದೆಯ ಬೆಳೆ, ಟಚ್‌ಡೌನ್ ಮಳೆಯಾಶ್ರಿತ ಬೆಳೆ. ದುರ್ಬಲ ಕ್ವಾರ್ಟರ್‌ಬ್ಯಾಕ್ ಬಂದರೆ ತಂಡ ಎದುರಾಳಿಯ ಗೋಲ್ ಗೆರೆಯ ಹತ್ತಿರ ತಲುಪುವುದೇ ಕಡಿಮೆಯಾಗುವುದರಿಂದ ಟಚ್‌ಡೌನ್ ಬತ್ತುವುದು ಸಹಜ. ಆದರೆ ಟೈಟ್ ಎಂಡ್ ಕಡೆಗೆ ಬರುವ ಎಸೆತಗಳು ಅಷ್ಟು ಸುಲಭವಾಗಿ ಬತ್ತುವುದಿಲ್ಲ. ಏಕೆ ಎಂಬುದು ಒಂದು ಆಟವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಮೂರನೇ ಡೌನ್ (ಹತ್ತು ಯಾರ್ಡ್ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಇನ್ನೂ ಆರು ಯಾರ್ಡ್ ಬೇಕು ಎಂದುಕೊಳ್ಳಿ. ಟೈಟ್ ಎಂಡ್ ಏಳು ಯಾರ್ಡ್ ನೇರ ಓಡಿ, ಎದುರಾಳಿಯ ನಡುಭಾಗ ಕಾಯುವ ಇಬ್ಬರು ಲೈನ್‌ಬ್ಯಾಕರ್‌ಗಳ ನಡುವಿನ ಖಾಲಿ ಜಾಗದಲ್ಲಿ ಕಾಲೂರಿ, ಹಿಂದಿರುಗಿ ಎದೆ ಕೊಟ್ಟು ನಿಲ್ಲುತ್ತಾರೆ. ಬದಿಯಲ್ಲಿ ದೂರ ಓಡುತ್ತಿರುವ ವೈಡ್ ರಿಸೀವರ್‌ಗೆ ಎಸೆಯಬೇಕಾದರೆ ಅವರು ಎಲ್ಲಿಗೆ ತಲುಪುತ್ತಾರೆಂದು ಊಹಿಸಿ ಚೆಂಡನ್ನು ಮೊದಲೇ ಬಿಡಬೇಕು, ಮತ್ತು ಆ ಹೊಂದಾಣಿಕೆ ತಿಂಗಳುಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಿದವರಿಗಷ್ಟೇ ಬರುತ್ತದೆ. ನಡುವೆ ನಿಂತ ಎತ್ತರದ ಟೈಟ್ ಎಂಡ್ ಹಾಗಲ್ಲ, ಎದುರಿಗೇ ಕಾಣುತ್ತಾರೆ. ಮೊದಲ ತಂಡದೊಡನೆ ಹೆಚ್ಚು ಅಭ್ಯಾಸವಿಲ್ಲದ ಬದಲಿ ಕ್ವಾರ್ಟರ್‌ಬ್ಯಾಕ್‌ಗೆ ಇದಕ್ಕಿಂತ ಸುಲಭದ ಗುರಿ ಇನ್ನೊಂದಿಲ್ಲ, ಮತ್ತು ತರಬೇತುದಾರರೂ ಚೆಂಡು ಬೇಗ ಕೈಬಿಡುವಂಥ ಇಂತಹ ಆಟಗಳನ್ನೇ ಅವರಿಗಾಗಿ ಹೆಚ್ಚು ಬರೆದುಕೊಡುತ್ತಾರೆ.

2021ರ ಡಿಸೆಂಬರ್‌ನಲ್ಲಿ ಬಾಲ್ಟಿಮೋರ್ ರೇವನ್ಸ್ ತಂಡದಲ್ಲಿ ಆದದ್ದನ್ನೂ ನೋಡಿ. ಕ್ಲೀವ್‌ಲ್ಯಾಂಡ್ ವಿರುದ್ಧದ ಪಂದ್ಯದ ನಡುವೆ ಕ್ವಾರ್ಟರ್‌ಬ್ಯಾಕ್ ಲಮಾರ್ ಜಾಕ್ಸನ್ ಗಾಯಗೊಂಡು ಟೈಲರ್ ಹಂಟ್ಲಿ ಒಳಬಂದರು. ಎರಡು ವಾರದ ಮೇಲೆ ಸಿನ್ಸಿನಾಟಿ ವಿರುದ್ಧ, ತಂಡ ಸೇರಿ ಎರಡು ವಾರವೂ ತುಂಬಿರದ ಜಾಶ್ ಜಾನ್ಸನ್ ಆಡಬೇಕಾಯಿತು. ಆ ಮೂರು ಪಂದ್ಯಗಳಲ್ಲಿ ಟೈಟ್ ಎಂಡ್ ಮಾರ್ಕ್ ಆಂಡ್ರ್ಯೂಸ್ ಕ್ರಮವಾಗಿ 115, 136 ಮತ್ತು 125 ಯಾರ್ಡ್ ಗಳಿಸಿದರು, ಒಟ್ಟು ನಾಲ್ಕು ಟಚ್‌ಡೌನ್ ಹೊಡೆದರು. ಹಂಟ್ಲಿ ಬಂದಾಗಲೆಲ್ಲ ಆಂಡ್ರ್ಯೂಸ್ ಹೀಗೇ ಆಡುತ್ತಾರೆಂದು ನಂಬಿದವರಿಗೆ ಮರುವರ್ಷ ನಿರಾಸೆಯಾಯಿತು ಎಂಬುದನ್ನೂ ಹೇಳಬೇಕು. ಮೂರು ಪಂದ್ಯಗಳು ನಿಯಮವನ್ನು ಸ್ಥಾಪಿಸುವುದಿಲ್ಲ. ಗಾಬರಿ ಅನಗತ್ಯ ಎಂಬುದನ್ನಷ್ಟೇ ತೋರಿಸುತ್ತವೆ.

ಬದಲಾವಣೆಯಿಂದ ಬೆಲೆ ಏರುವುದೂ ಉಂಟು. 2023ರಲ್ಲಿ ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಡೆಶಾನ್ ವಾಟ್ಸನ್ ಭುಜದ ಗಾಯದಿಂದ ಹೊರಗುಳಿದಾಗ, ಆ ಋತುವಿನಲ್ಲಿ ಅದುವರೆಗೆ ಯಾವ ತಂಡದಲ್ಲೂ ಇರದಿದ್ದ 38 ವರ್ಷದ ಜೋ ಫ್ಲಾಕೊ ಅವರನ್ನು ನವೆಂಬರ್‌ನಲ್ಲಿ ಕರೆತರಲಾಯಿತು. ಅವರು ಐದು ಪಂದ್ಯಗಳಲ್ಲಿ 1,616 ಯಾರ್ಡ್ ಎಸೆದರು. ಟೈಟ್ ಎಂಡ್ ಡೇವಿಡ್ ಎನ್‌ಜೊಕು ಆ ವರ್ಷ ಹೊಡೆದ ಆರು ಟಚ್‌ಡೌನ್‌ಗಳಲ್ಲಿ ನಾಲ್ಕು ಬಂದದ್ದು ಫ್ಲಾಕೊ ಎಸೆತಗಳಿಂದಲೇ. ಷಿಕಾಗೊ ವಿರುದ್ಧ ಹತ್ತು ಕ್ಯಾಚ್ ಮತ್ತು 104 ಯಾರ್ಡ್, ನ್ಯೂಯಾರ್ಕ್ ಜೆಟ್ಸ್ ವಿರುದ್ಧ 134 ಯಾರ್ಡ್. ಫ್ಲಾಕೊ ಓಡುವವರಲ್ಲ, ನಿಂತಲ್ಲಿಂದ ಎಸೆಯುವವರು. ಪಂದ್ಯ ಹೇಗೇ ಸಾಗಲಿ ಎಸೆಯುತ್ತಲೇ ಇರುವ ಸ್ವಭಾವ ಅವರದು. ಬಾಲ್ಟಿಮೋರ್‌ನಲ್ಲಿದ್ದಾಗಲೂ 2016ರಲ್ಲಿ ಟೈಟ್ ಎಂಡ್ ಡೆನಿಸ್ ಪಿಟ್ಟಾ ಅವರಿಗೆ 86 ಕ್ಯಾಚ್ ಕೊಟ್ಟವರು ಅವರೇ. ಹೊಸ ಕ್ವಾರ್ಟರ್‌ಬ್ಯಾಕ್‌ನ ಹಳೆಯ ತಂಡಗಳಲ್ಲಿ ಟೈಟ್ ಎಂಡ್‌ಗಳಿಗೆ ಎಷ್ಟು ಎಸೆತ ಸಿಗುತ್ತಿತ್ತು ಎಂದು ಹಿಂದಿರುಗಿ ನೋಡುವುದು ಇದಕ್ಕಾಗಿಯೇ ಉಪಯುಕ್ತ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಏಳು ಟಾರ್ಗೆಟ್‌ಗಳಲ್ಲಿ ಐದು ಕ್ಯಾಚ್, ಕ್ಯಾಚಿಗೆ ಹನ್ನೊಂದು ಯಾರ್ಡ್ ಎಂದರೆ 10.5 ಅಂಕ. ಬದಲಿ ಆಟಗಾರ ಹತ್ತಿರಹತ್ತಿರಕ್ಕೇ ಎಸೆದು ಕ್ಯಾಚಿಗೆ ಒಂಬತ್ತು ಯಾರ್ಡ್‌ಗೆ ಇಳಿದರೂ 9.5 ಅಂಕ ಉಳಿಯುತ್ತದೆ. ನಷ್ಟ ಒಂದೇ ಅಂಕ. ಅದರ ಮೇಲೆ ಒಂದು ಕ್ಯಾಚೂ ತಪ್ಪಿದರೆ ಮಾತ್ರ 7.6ಕ್ಕೆ ಕುಸಿಯುತ್ತದೆ. ಹಾಗಾಗಿ ನೀವು ಕಾಯಬೇಕಾದದ್ದು ಯಾರ್ಡ್‌ಗಳನ್ನಲ್ಲ, ಎಸೆತಗಳ ಸಂಖ್ಯೆಯನ್ನು. ಅದಕ್ಕಿಂತಲೂ ಮೊದಲು ನೋಡಬೇಕಾದದ್ದು ಮತ್ತೊಂದಿದೆ: ತಂಡ ಪಾಸ್ ಮಾಡಲು ಮುಂದಾದಾಗ ನಿಮ್ಮ ಟೈಟ್ ಎಂಡ್ ಚೆಂಡಿಗಾಗಿ ಓಡುತ್ತಿದ್ದಾರೋ, ಬ್ಲಾಕ್ ಮಾಡಲು ಹಿಂದೆ ನಿಲ್ಲುತ್ತಿದ್ದಾರೋ. ಮುಂದೆ ತಡೆಗೋಡೆಯಾಗಿ ನಿಲ್ಲುವ ಲೈನ್ ಸೋರುತ್ತಿರುವಾಗ ಅನುಭವವಿಲ್ಲದ ಕ್ವಾರ್ಟರ್‌ಬ್ಯಾಕನ್ನು ಕಾಪಾಡಲು ತರಬೇತುದಾರರು ಮೊದಲು ಹಿಂದಕ್ಕೆ ಕರೆಯುವುದು ಟೈಟ್ ಎಂಡನ್ನೇ, ಮತ್ತು ಬ್ಲಾಕ್ ಮಾಡಿದ್ದಕ್ಕೆ ನಮ್ಮ ಆಟದಲ್ಲಿ ಒಂದು ಅಂಕವೂ ಇಲ್ಲ. ಮುಂದಿನ ಎರಡು ಪಂದ್ಯಗಳಲ್ಲಿ ಅವರು ಮೊದಲಿನಷ್ಟೇ ಓಡಿ, ಆರಕ್ಕೆ ಕಡಿಮೆಯಿಲ್ಲದಂತೆ ಟಾರ್ಗೆಟ್ ಪಡೆದರೆ ಉಳಿಸಿಕೊಳ್ಳಿ. ಬ್ಲಾಕ್ ಮಾಡುವುದೇ ಹೆಚ್ಚಾಗಿ ಟಾರ್ಗೆಟ್ ನಾಲ್ಕಕ್ಕೆ ಇಳಿದರೆ, ಆಗ ಮಾರಿ. ಸಹೋದ್ಯೋಗಿಯ ಮೂರನೇ ರನ್ನಿಂಗ್ ಬ್ಯಾಕ್ ಆಗಲೂ ಅಲ್ಲೇ ಇರುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಭಾನುವಾರ ರಾತ್ರಿ ಎಚ್ಚರವಿದ್ದು ಪಂದ್ಯ ನೋಡುವವನು ನಾನು. ಚೆನ್ನಾಗಿ ಓಡುವ ಕ್ವಾರ್ಟರ್‌ಬ್ಯಾಕ್ ಬಂದರೆ ಟೈಟ್ ಎಂಡ್ ಬೆಲೆ ಇಳಿಯುತ್ತದೆ ಎನ್ನುತ್ತಾರೆ. ಟೈಟ್ ಎಂಡ್ ಕೈಲ್ ಪಿಟ್ಸ್ ಅವರಿಗೆ ಆದದ್ದು ಅದೇ ಅಲ್ಲವೇ?

ಉತ್ತರ: ಭಾಗಶಃ ನಿಜ, ಆದರೆ ಪಿಟ್ಸ್ ವಿಷಯದಲ್ಲಿ ಕಾರಣವನ್ನು ತಪ್ಪಾಗಿ ಹೇಳಲಾಗುತ್ತಿದೆ. ಡ್ರಾಫ್ಟ್‌ನ ನಾಲ್ಕನೇ ಆಯ್ಕೆಯಾಗಿ ಅಟ್ಲಾಂಟಾ ಸೇರಿದ ಪಿಟ್ಸ್ 2021ರಲ್ಲಿ ಮ್ಯಾಟ್ ರಯನ್ ಎಸೆಯುತ್ತಿದ್ದಾಗ 110 ಟಾರ್ಗೆಟ್‌ಗಳಿಂದ 68 ಕ್ಯಾಚ್, 1,026 ಯಾರ್ಡ್ ಗಳಿಸಿದರು. ಮರುವರ್ಷ ರಯನ್ ಹೋಗಿ ಮಾರ್ಕಸ್ ಮರಿಯೋಟ ಬಂದರು; ಪಿಟ್ಸ್ ಗಾಯಗೊಳ್ಳುವ ಮುನ್ನ ಹತ್ತು ಪಂದ್ಯಗಳಲ್ಲಿ 59 ಟಾರ್ಗೆಟ್‌ಗಳಿಂದ 28 ಕ್ಯಾಚ್, 356 ಯಾರ್ಡ್ ಅಷ್ಟೇ. ಆದರೆ ರಯನ್ ಒಬ್ಬರೇ 2021ರಲ್ಲಿ 560 ಎಸೆತ ಎಸೆದಿದ್ದರೆ, 2022ರಲ್ಲಿ ಇಡೀ ತಂಡ ಎಸೆದದ್ದು 415. ಪಿಟ್ಸ್ ಪಾಲು ಕುಗ್ಗಲಿಲ್ಲ, ಕಣದ ರಾಶಿಯೇ ಕುಗ್ಗಿತು. ಅದರ ಮೇಲೆ, ಬಂದ ಎಸೆತಗಳಲ್ಲಿ ಅರ್ಧದಷ್ಟೂ ಕ್ಯಾಚ್ ಆಗಲಿಲ್ಲ. ಎರಡೂ ವರ್ಷ ಮುಖ್ಯ ತರಬೇತುದಾರರು ಆರ್ಥರ್ ಸ್ಮಿತ್ ಅವರೇ. ತಮ್ಮ ಕ್ವಾರ್ಟರ್‌ಬ್ಯಾಕ್ ನೋಡಿ ತಂಡವನ್ನು ಓಟದ ಕಡೆಗೆ ತಿರುಗಿಸಿದ್ದು ಅವರ ತೀರ್ಮಾನ.

ಓಡುವ ಕ್ವಾರ್ಟರ್‌ಬ್ಯಾಕ್ ಒತ್ತಡ ಬಂದಾಗ ಹತ್ತಿರ ನಿಂತವರಿಗೆ ಎಸೆಯುವ ಬದಲು ತಾವೇ ಓಡಿಬಿಡುತ್ತಾರೆ, ಹೀಗಾಗಿ ಕೆಲವು ಎಸೆತ ನಷ್ಟವಾಗುತ್ತದೆ ಎಂಬುದು ಸರಿ. ಆದರೆ ಓಟದಲ್ಲಿ ಜಾಕ್ಸನ್ ಅವರನ್ನು ಮೀರಿಸಿದ ಕ್ವಾರ್ಟರ್‌ಬ್ಯಾಕ್ ಇಲ್ಲ, ಮತ್ತು ಅವರ ಟೈಟ್ ಎಂಡ್ ಆಂಡ್ರ್ಯೂಸ್ 2021ರಲ್ಲಿ 153 ಟಾರ್ಗೆಟ್ ಪಡೆದು 1,361 ಯಾರ್ಡ್ ಗಳಿಸಿದರು. ಜಾಕ್ಸನ್ ಓಟಕ್ಕೆ ಹೆದರಿ ಲೈನ್‌ಬ್ಯಾಕರ್‌ಗಳು ಎರಡು ಹೆಜ್ಜೆ ಮುಂದೆ ಬಂದಾಗ ಅವರ ಬೆನ್ನ ಹಿಂದೆ ತೆರೆದುಕೊಳ್ಳುವ ಜಾಗ ಟೈಟ್ ಎಂಡ್‌ನದೇ.

ಪ್ರಶ್ನೆ: ಆಗಸ್ಟ್‌ನಲ್ಲಿ ನಮ್ಮ ಡ್ರಾಫ್ಟ್. ನನಗೆ ಇಷ್ಟವಾದ ಟೈಟ್ ಎಂಡ್ ತಂಡಕ್ಕೆ ಈ ವರ್ಷ ಹೊಸ ಕ್ವಾರ್ಟರ್‌ಬ್ಯಾಕ್. ಎಷ್ಟು ಸುತ್ತು ಕಾಯಬಹುದು?

ಉತ್ತರ: ಆ ಟೈಟ್ ಎಂಡ್ ತಂಡದ ಮೊದಲ ಅಥವಾ ಎರಡನೇ ಗುರಿಯಾಗಿದ್ದರೆ ಕಾಯಬೇಡಿ. 2024ರಲ್ಲಿ ಲಾಸ್ ವೇಗಸ್ ರೇಡರ್ಸ್ ತಂಡ ಗಾರ್ಡ್ನರ್ ಮಿನ್‌ಶೂ, ಏಡನ್ ಒಕಾನಲ್, ಡೆಸ್ಮಂಡ್ ರಿಡರ್ ಎಂಬ ಮೂವರನ್ನು ಆಡಿಸಿತು. ಮೂವರ ಎಸೆತಗಳಿಂದಲೂ ಹಿಡಿದ ಹೊಸ ಆಟಗಾರ ಬ್ರಾಕ್ ಬೋವರ್ಸ್ 112 ಕ್ಯಾಚ್, 1,194 ಯಾರ್ಡ್ ಗಳಿಸಿ, ಮೈಕ್ ಡಿಟ್ಕಾ 1961ರಲ್ಲಿ ಬರೆದಿದ್ದ ಹೊಸ ಟೈಟ್ ಎಂಡ್‌ಗಳ 1,076 ಯಾರ್ಡ್ ದಾಖಲೆಯನ್ನು ದಾಟಿದರು. ಅಕ್ಟೋಬರ್‌ನಲ್ಲಿ ವೈಡ್ ರಿಸೀವರ್ ಡವಾಂಟೆ ಆಡಮ್ಸ್ ತಂಡ ಬಿಟ್ಟ ಮೇಲಂತೂ ಅವರಿಗೆ ಎದುರಿಲ್ಲದಾಯಿತು. ಟಚ್‌ಡೌನ್ ಮಾತ್ರ ಐದೇ. ಹಿಂದಿನ ವರ್ಷ ಹತ್ತು, ಹನ್ನೆರಡು ಟಚ್‌ಡೌನ್‌ಗಳ ಬಲದ ಮೇಲೆ ಬೆಲೆ ಏರಿಸಿಕೊಂಡ ಟೈಟ್ ಎಂಡ್ ಆಗಿದ್ದರೆ ಲೆಕ್ಕ ಬೇರೆ: ಕ್ವಾರ್ಟರ್‌ಬ್ಯಾಕ್ ಪೇಯ್ಟನ್ ಮ್ಯಾನಿಂಗ್ ಜೊತೆ 2013 ಮತ್ತು 2014ರಲ್ಲಿ ತಲಾ ಹನ್ನೆರಡು ಟಚ್‌ಡೌನ್ ಹೊಡೆದ ಜೂಲಿಯಸ್ ಥಾಮಸ್, ಜ್ಯಾಕ್ಸನ್‌ವಿಲ್‌ಗೆ ಹೋದ ಮೊದಲ ವರ್ಷ ಐದಕ್ಕೆ ಇಳಿದರು. ಅಂಥವರನ್ನು ಎರಡು ಸುತ್ತು ತಡವಾಗಿ ಸಿಕ್ಕರೆ ಮಾತ್ರ ತೆಗೆದುಕೊಳ್ಳಿ.