ತೆರೆಯ ಮುಂದೆ ಸಹಿ: ಆನ್‌ಲೈನ್ ನೋಟರಿಗೆ ಗುರುತು ತೋರಿಸುವುದು ಹೇಗೆ?

ಪ್ರಶ್ನೆ: ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ನಲ್ಲಿರುವ ಮನೆ ನನ್ನ ಮತ್ತು ಮಗನ ಹೆಸರಿನಲ್ಲಿ ಜಂಟಿಯಾಗಿದೆ, ಈಗ ಮಾರುತ್ತಿದ್ದೇವೆ. ನಾನು ಇಲ್ಲಿಂದಲೇ ವಿಡಿಯೊ ಕರೆಯಲ್ಲಿ ಆನ್‌ಲೈನ್ ನೋಟರಿ ಮುಂದೆ ಸಹಿ ಹಾಕಬಹುದು ಎನ್ನುತ್ತಾರೆ. ನಾನೇ ಆ ವ್ಯಕ್ತಿ ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಆಧಾರ್ ಸಾಕೆ? – ಓದುಗರು, ಮೈಸೂರು

ಉತ್ತರ: ಆಧಾರ್ ಸಾಲದು. ಸರ್ಕಾರ ಕೊಟ್ಟ ಗುರುತಿನ ದಾಖಲೆಯಲ್ಲಿ ಭಾವಚಿತ್ರ, ಸಹಿ ಎರಡೂ ಇರಬೇಕು ಎನ್ನುತ್ತದೆ ಟೆಕ್ಸಾಸ್ ಕಾನೂನು. ಆಧಾರ್‌ನಲ್ಲಿ ನಿಮ್ಮ ಸಹಿ ಇರುವುದಿಲ್ಲ. ಅವಧಿ ಮುಗಿಯದ ಪಾಸ್‌ಪೋರ್ಟ್ ಇಟ್ಟುಕೊಳ್ಳಿ.

ನೋಟರಿಗೆ ನೀವು ಮೊದಲೇ ಖುದ್ದಾಗಿ ಪರಿಚಯವಿಲ್ಲದಿದ್ದರೆ ಮೂರು ಹಂತ ದಾಟಬೇಕು. ಮೊದಲು ಫೋನ್ ಕ್ಯಾಮೆರಾದಲ್ಲಿ ಪಾಸ್‌ಪೋರ್ಟ್ ಪುಟದ ಚಿತ್ರ ತೆಗೆಯಿಸುತ್ತಾರೆ. ಪುಟದ ತಳದಲ್ಲಿ 44 ಅಕ್ಷರಗಳ ಎರಡು ಸಾಲುಗಳಿವೆಯಲ್ಲ, ಅವುಗಳಲ್ಲಿ ತಾಳೆ ನೋಡುವ ಅಂಕಿಗಳು ಅಡಗಿವೆ. ಪಾಸ್‌ಪೋರ್ಟ್ ಸಂಖ್ಯೆಯನ್ನೋ ಜನ್ಮದಿನಾಂಕವನ್ನೋ ತಿದ್ದಿದ್ದರೆ ಲೆಕ್ಕ ಕೂಡದೆ ಸಾಫ್ಟ್‌ವೇರ್ ಹಿಡಿದುಬಿಡುತ್ತದೆ. ಆದರೆ ಸಾಚಾ ಪಾಸ್‌ಪೋರ್ಟ್ ಕೂಡ ಇಲ್ಲಿ ಎಡವುವುದುಂಟು. ಟೆಕ್ಸಾಸ್‌ನ ಬೇಸಿಗೆಯ ಬೆಳಗ್ಗೆ 9 ಗಂಟೆ ಎಂದರೆ ನಮ್ಮಲ್ಲಿ ಸಂಜೆ 7:30. ತಲೆಯ ಮೇಲೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಅದರ ಬೆಳಕು ಪುಟದ ಪ್ಲಾಸ್ಟಿಕ್ ಪದರದ ಮೇಲೆ ಬಿಳಿ ಪಟ್ಟಿಯಾಗಿ ಹೊಳೆದು ಅಕ್ಷರ ಮುಚ್ಚಿಹೋಗುತ್ತದೆ. ಕಪ್ಪು ಬಟ್ಟೆಯ ಮೇಲಿಟ್ಟು, ಪುಟ ಉಬ್ಬದಂತೆ ಅಂಚಿನಲ್ಲಿ ಒತ್ತಿ ಹಿಡಿದು, ಬೆಳಕು ಪಕ್ಕದಿಂದ ಬೀಳುವಂತೆ ಮಾಡಿ. ಫ್ಲ್ಯಾಷ್ ಬೇಡ.

ಎರಡನೆಯದೇ ಕಠಿಣ. ಅಮೆರಿಕದ ಸಾಲದ ದಾಖಲೆ, ಸಾರ್ವಜನಿಕ ದಾಖಲೆಗಳಿಂದ ಹೆಕ್ಕಿದ 5 ಪ್ರಶ್ನೆ, ಪ್ರತಿಯೊಂದಕ್ಕೂ ಕನಿಷ್ಠ 5 ಆಯ್ಕೆ. 2 ನಿಮಿಷದೊಳಗೆ 4 ಸರಿಯಾಗಬೇಕು. ಹಿಂದೆ ಯಾವ ವಿಳಾಸದಲ್ಲಿದ್ದಿರಿ, ಯಾವ ಬ್ಯಾಂಕಿನ ಸಾಲವಿತ್ತು, ಯಾವ ಕಾರು ನಿಮ್ಮ ಹೆಸರಿನಲ್ಲಿತ್ತು ಎಂಬಂಥವು. ‘ಮೇಲಿನ ಯಾವುದೂ ಅಲ್ಲ’ ಎಂಬುದೂ ಎಷ್ಟೋ ಸಲ ಸರಿಯುತ್ತರವೇ ಆಗಿರುತ್ತದೆ, ಊಹಿಸಿ ಒತ್ತಬೇಡಿ. ತಪ್ಪಿದರೆ ಇನ್ನೊಂದೇ ಅವಕಾಶ, ಅದೂ ಒಂದಷ್ಟು ಪ್ರಶ್ನೆ ಬದಲಿಸಿ. ಪ್ರಶ್ನೆಗಳು ನೋಟರಿಗೆ ಕಾಣಿಸುವುದಿಲ್ಲ. ಪಾಸೋ ಫೇಲೋ ಅಷ್ಟೇ ಗೊತ್ತಾಗುತ್ತದೆ. ಲ್ಯಾಪ್‌ಟಾಪ್ ತೆರೆದುಕೊಡಲು ಮನೆಯವರು ನೆರವಾಗಲಿ, ಉತ್ತರ ಮಾತ್ರ ಹೇಳಿಕೊಡಬಾರದು.

ಅಮೆರಿಕದಲ್ಲಿ ಬ್ಯಾಂಕ್ ಸಾಲ, ಕ್ರೆಡಿಟ್ ಕಾರ್ಡ್ ಯಾವುದೂ ಇಲ್ಲದ ಹಿರಿಯರಿಗೆ ಪ್ರಶ್ನೆ ಹುಟ್ಟಿಸಲು ಮಾಹಿತಿಯೇ ಸಿಗದಿರಬಹುದು. ಅದು ನಿಮ್ಮ ತಪ್ಪಲ್ಲ, ಆದರೂ ಬಾಗಿಲು ಅಲ್ಲೇ ಮುಚ್ಚುತ್ತದೆ. ಆದ್ದರಿಂದ ವಾರಗಳ ಮುಂಚೆಯೇ ಟೈಟಲ್ ಕಂಪನಿಯನ್ನು (ಮಾರಾಟದ ಕಾಗದಪತ್ರ ನೋಡಿಕೊಳ್ಳುವ ಸಂಸ್ಥೆ) ಎರಡು ಮಾತು ಕೇಳಿ: ಭಾರತದ ಪಾಸ್‌ಪೋರ್ಟನ್ನು ನಿಮ್ಮ ಸಾಫ್ಟ್‌ವೇರ್ ಓದುತ್ತದೆಯೇ, ಪ್ರಶ್ನೆಗಳಲ್ಲಿ ಸೋತರೆ ಬದಲಿ ದಾರಿ ಯಾವುದು? ಸಾಮಾನ್ಯವಾಗಿ ಎರಡು ದಾರಿಗಳಿವೆ. ಒಂದು, ಚೆನ್ನೈನ ಅಮೆರಿಕನ್ ಕಾನ್ಸುಲೇಟ್‌ನಲ್ಲಿ ಸಮಯ ಕಾಯ್ದಿರಿಸಿ ಅಧಿಕಾರಿಯ ಎದುರು ಸಹಿ. ಮುದ್ರೆಯೊಂದಕ್ಕೆ 50 ಡಾಲರ್. ಇನ್ನೊಂದು, ಇಲ್ಲಿನ ನೋಟರಿ ಮುಂದೆ ಸಹಿ ಮಾಡಿ, ವಿದೇಶಾಂಗ ಸಚಿವಾಲಯದಿಂದ ಅಪೊಸ್ಟೀಲ್ (ಬೇರೆ ದೇಶದಲ್ಲೂ ಮಾನ್ಯವಾಗುವ ದೃಢೀಕರಣ) ಮಾಡಿಸುವುದು. ಸಾಫ್ಟ್‌ವೇರ್ ಕೈಕೊಟ್ಟ ಮೇಲೆ ಇವಕ್ಕೆ ಓಡಿದರೆ ಮಾರಾಟದ ದಿನ ತಪ್ಪುತ್ತದೆ.

ಮೂರನೆಯದು, ನೇರ ವಿಡಿಯೊದಲ್ಲಿ ನೋಟರಿ ನಿಮ್ಮ ಮುಖವನ್ನೂ ಪಾಸ್‌ಪೋರ್ಟ್ ಚಿತ್ರವನ್ನೂ ಹೋಲಿಸುವುದು. ಈ ವಿಡಿಯೊದ ರೆಕಾರ್ಡಿಂಗನ್ನು ಕನಿಷ್ಠ 5 ವರ್ಷ ಕಾಪಿಡುತ್ತಾರೆ.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ. ಅಮೆರಿಕದ ಲೈಸೆನ್ಸ್‌ನಲ್ಲಿ ‘ಎಫ್‌ಎನ್‌ಯು’ ಎಂದು ಸೇರಿಸಿದ್ದಾರೆ. ಆನ್‌ಲೈನ್ ನೋಟರಿ ಮುಂದೆ ಸಹಿ ಹಾಕಬೇಕಾದ ಪತ್ರದಲ್ಲಿ ಊರಿನ ಇನಿಷಿಯಲ್ ಇದೆ. ತೊಂದರೆಯಾಗುತ್ತದೆಯೇ? – ಓದುಗರು, ಆಸ್ಟಿನ್

ಉತ್ತರ: ಕನ್ನಡಿಗರಿಗೆ ಇದು ನಿಜವಾದ ತಲೆನೋವು. ‘ಎಫ್‌ಎನ್‌ಯು’ ಎಂದರೆ ಮೊದಲ ಹೆಸರು ತಿಳಿಯದು ಎಂದು. ಇರುವ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ ಖಾಲಿ ಜಾಗ ತುಂಬಿಸುತ್ತಾರೆ. ದಾಖಲೆಯ ಹೆಸರು, ಪತ್ರದ ಹೆಸರು ಹೊಂದದಿದ್ದರೆ ನೋಟರಿ ನಿಲ್ಲಿಸಲೇಬೇಕು. ಪತ್ರದ ಕರಡು ಬಂದ ದಿನವೇ ಲೈಸೆನ್ಸ್‌ನ ಪ್ರತಿ ಕಳಿಸಿ, ‘ಈ ಹೆಸರಿನಿಂದಲೂ ಕರೆಯಲ್ಪಡುವ’ ಎಂದು ಎರಡೂ ಹೆಸರು ಬರೆಸಿ. ಬೇಕಾದರೆ ಎರಡೂ ಹೆಸರಿನವರು ಒಬ್ಬರೇ ಎಂಬ ಪ್ರಮಾಣಪತ್ರವನ್ನೂ ಜೊತೆಗೆ ಸಿದ್ಧಪಡಿಸಿಕೊಳ್ಳಿ.

ಪ್ರಶ್ನೆ: ವರ್ಜೀನಿಯಾದಲ್ಲಿ ಹೊಸದಾಗಿ ಆನ್‌ಲೈನ್ ನೋಟರಿಯಾಗಿದ್ದೇನೆ. ಸಾಫ್ಟ್‌ವೇರ್ ಹಸಿರು ತೋರಿಸಿದ ಮೇಲೂ ನಾನು ಪರೀಕ್ಷಿಸಬೇಕೆ? – ಓದುಗರು, ವರ್ಜೀನಿಯಾ

ಉತ್ತರ: ಖಂಡಿತ ಬೇಕು. 2012ರ ಜುಲೈನಲ್ಲಿ ಈ ಪದ್ಧತಿಯನ್ನು ಮೊದಲು ಜಾರಿಗೆ ತಂದದ್ದೇ ನಿಮ್ಮ ರಾಜ್ಯ. ಹಸಿರು ಗುರುತು ಹೇಳುವುದು ದಾಖಲೆ ಸಾಚಾ ಎಂದಷ್ಟೇ. ಅದನ್ನು ಹಿಡಿದಿರುವವರು ಅದರ ಒಡೆಯರೇ ಎಂಬ ತೀರ್ಮಾನ ನಿಮ್ಮದು. ಕದ್ದ ಲೈಸೆನ್ಸ್ ಕೂಡ ಹಸಿರೇ ತೋರಿಸುತ್ತದೆ. ಮನೆಯವರಿಗೆ ಐದು ಪ್ರಶ್ನೆಗಳ ಉತ್ತರವೂ ಗೊತ್ತಿರುತ್ತದೆ.

ಕಾರ್ಡನ್ನು ಕ್ಯಾಮೆರಾ ಮುಂದೆ ನಿಧಾನವಾಗಿ ವಾಲಿಸಲು ಹೇಳಿ. ಹೊಲೊಗ್ರಾಮ್‌ನ ಬಣ್ಣ ಸರಿಯಬೇಕು. ವಿಡಿಯೊದ ಹಿನ್ನೆಲೆಯನ್ನು ಮಸುಕಾಗಿಸಿದ್ದರೆ ಆ ಮಸುಕನ್ನು ತೆಗೆಸಿ. ಮುಖ ಪೂರ್ತಿ ಪಕ್ಕಕ್ಕೆ ತಿರುಗಿಸಲು, ಅಂಗೈಯನ್ನು ಮುಖದ ಮುಂದೆ ಹಾಯಿಸಲು ಹೇಳಿ. ಕಂಪ್ಯೂಟರ್ ಹುಟ್ಟಿಸಿದ ಮುಖವಾದರೆ ಕೆನ್ನೆಯ, ಬೆರಳುಗಳ ಅಂಚು ಅಲ್ಲಿ ಕದಡುವುದುಂಟು. ಕದಡದಿದ್ದ ಮಾತ್ರಕ್ಕೆ ಅಸಲಿ ಎಂದೇನೂ ಅಲ್ಲ, ತಂತ್ರ ದಿನೇದಿನೇ ಚುರುಕಾಗುತ್ತಿದೆ. ಸಹಿ ಮಾಡುವವರ ಕಣ್ಣು ಪದೇಪದೇ ಒಂದೇ ಪಕ್ಕಕ್ಕೆ ಹೋಗುತ್ತಿದ್ದರೆ ಕ್ಯಾಮೆರಾವನ್ನು ಕೋಣೆಯ ಸುತ್ತ ತಿರುಗಿಸಿ ಎನ್ನಿ. ಯಾವ ಪತ್ರ, ಏಕೆ ಸಹಿ ಎಂದು ಅವರ ಬಾಯಲ್ಲೇ ಹೇಳಿಸಿ. ಹೌದು–ಇಲ್ಲ ಎನ್ನುವ ಪ್ರಶ್ನೆ ಕೇಳಬೇಡಿ. ಸಂಶಯ ಉಳಿದರೆ ನಿರಾಕರಿಸಿ, ಕಾರಣವನ್ನು ದಾಖಲೆ ಪುಸ್ತಕದಲ್ಲಿ ಬರೆಯಿರಿ. ಟೈಟಲ್ ಕಂಪನಿ ಅವಸರಪಡಿಸಿದರೂ ಮಣಿಯಬೇಡಿ. ಹೋಗುವುದು ಯಾರದ್ದೋ ಮನೆ.

ಪ್ರಶ್ನೆ: ಬೆಂಗಳೂರಿನ ಸೈಟ್ ಮಾರಲು ತಮ್ಮನಿಗೆ ಜಿಪಿಎಯನ್ನು (ನನ್ನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಹೀಗೇ ಆನ್‌ಲೈನಿನಲ್ಲಿ ಮಾಡಿಕೊಡಬಹುದೆ? – ಓದುಗರು, ಹ್ಯೂಸ್ಟನ್

ಉತ್ತರ: ಬೇಡ. ಇಂಥ ಜಿಪಿಎಗೆ ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಅನ್ವಯಿಸುವುದಿಲ್ಲ. ಅಂದರೆ ತೆರೆಯ ಮೇಲಿನ ಸಹಿಗೆ ಆ ಕಾಯ್ದೆಯ ಬಲವಿಲ್ಲ. ಕಾಗದದ ಮೇಲೆ ಶಾಯಿಯಲ್ಲೇ ಸಹಿ ಹಾಕಿ: ಹ್ಯೂಸ್ಟನ್‌ನ ಭಾರತೀಯ ಕಾನ್ಸುಲೇಟ್‌ನಲ್ಲಿ, ಇಲ್ಲವೇ ಸ್ಥಳೀಯ ನೋಟರಿಯ ಎದುರು ಕುಳಿತು, ಆಮೇಲೆ ಟೆಕ್ಸಾಸ್ ಸರ್ಕಾರದ ಅಪೊಸ್ಟೀಲ್ ಪಡೆದು. ಮೂಲಪ್ರತಿ ತಮ್ಮನ ಕೈಸೇರಿದ 3 ತಿಂಗಳೊಳಗೆ ಜಿಲ್ಲಾ ನೋಂದಣಾಧಿಕಾರಿ ಕಚೇರಿಯಲ್ಲಿ ಮುದ್ರಾಂಕ ಶುಲ್ಕ ಕಟ್ಟಿಸಲಿ.