ಲೋಚ್‌ ಮೀನುಗಳ ಜಗಳ: ಯಾವಾಗ ಕೈಹಾಕಬೇಕು?

ಪ್ರಶ್ನೆ: 4 ಅಡಿ ಉದ್ದದ, ಸುಮಾರು 190 ಲೀಟರ್ ನೀರು ಹಿಡಿಯುವ ಟ್ಯಾಂಕ್‌ನಲ್ಲಿ ಮೂರು ಯೋಯೋ ಲೋಚ್ ಇವೆ. ದೊಡ್ಡದು ಉಳಿದೆರಡನ್ನೂ ಅಟ್ಟಾಡಿಸುತ್ತದೆ. ಆಗ ಅದರ ಪಟ್ಟೆಗಳೇ ಮಾಸಿ ಮೈ ಬೂದಿ ಬಣ್ಣಕ್ಕೆ ತಿರುಗುತ್ತದೆ. ಇದು ಕಾಯಿಲೆಯೇ? ಪುಂಡನನ್ನು ತೆಗೆದುಬಿಡಲೇ? ಜೊತೆಗೆ ಜೀಬ್ರಾ ಲೋಚ್ ಬಿಡಬಹುದೇ?

ಉತ್ತರ: ಕಾಯಿಲೆಯಲ್ಲ. ಮೇಲುಗೈಗಾಗಿ ಸೆಣಸುವಾಗ ಬೋಟಿಯಾ ಲೋಚ್‌ಗಳ (ಯೋಯೋ, ಜೀಬ್ರಾ ಸೇರಿರುವ ಕುಲ) ಬಣ್ಣ ಹೀಗೆಯೇ ಮಾಸುತ್ತದೆ; ಎಷ್ಟೋ ಸಲ ಎರಡೂ ಮೀನುಗಳು ಬೂದಿಯಾಗುತ್ತವೆ. ಪಕ್ಕಕ್ಕೆ ಪಕ್ಕ ಒತ್ತಿಕೊಂಡು, ರೆಕ್ಕೆ ಬಿಚ್ಚಿ, ಗಿರಗಿರನೆ ಸುತ್ತುತ್ತವೆ. ಟಕ್ ಟಕ್ ಎಂಬ ಸದ್ದು ಗಾಜಿನಾಚೆಗೂ ಕೇಳಿಸುತ್ತದೆ. ಜಗಳ ಮುಗಿದ ಸ್ವಲ್ಪ ಹೊತ್ತಿಗೆ ಪಟ್ಟೆಗಳು ಮರಳುತ್ತವೆ. ಮರುದಿನವೂ ಮಾಸಿಯೇ ಇದ್ದರೆ, ಕಿವಿರು ಬೇಗಬೇಗ ಬಡಿಯುತ್ತಿದ್ದರೆ ಮಾತ್ರ ನೀರು ಪರೀಕ್ಷಿಸಿ: ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು.

ನಿಮ್ಮಲ್ಲಿ ತಪ್ಪಿರುವುದು ಲೆಕ್ಕ. ಲೋಚ್‌ಗಳ ಗುಂಪಿನಲ್ಲಿ ಮೇಲು ಕೀಳಿನ ಶ್ರೇಣಿ ಇದ್ದೇ ಇರುತ್ತದೆ. ಆರೇಳು ಮೀನುಗಳಿದ್ದರೆ ಯಜಮಾನನ ದರ್ಪ ಎಲ್ಲರಿಗೂ ಹಂಚಿಹೋಗುತ್ತದೆ. ಮೂರೇ ಇದ್ದರೆ ಇಡೀ ಭಾರ ಬೀಳುವುದು ಕೊನೆಯ ಮೀನಿನ ಮೇಲೆ. ಪುಂಡನನ್ನು ತೆಗೆದರೆ ಎರಡನೆಯದು ಪಟ್ಟಕ್ಕೇರುತ್ತದೆ, ಅಷ್ಟೇ. ಏಟು ತಿಂದದ್ದನ್ನು ಬೇರೆ ಮಾಡಿ ಎರಡು ವಾರ ಬಿಟ್ಟು ತಂದರೆ ಇನ್ನೂ ಕಷ್ಟ: ಅಷ್ಟರಲ್ಲಿ ಅದು ಹೊರಗಿನವನಾಗಿರುತ್ತದೆ.

ಹಾಗಾಗಿ ಇನ್ನೂ ಮೂರು ಯೋಯೋ ತನ್ನಿ, ಮೂರನ್ನೂ ಒಟ್ಟಿಗೇ ಬಿಡಿ. ಒಂದೊಂದಾಗಿ ಬಿಟ್ಟರೆ ಬಂದದ್ದೆಲ್ಲ ಒಂಟಿಯಾಗಿ ಏಟು ತಿನ್ನುತ್ತದೆ. ಬಿಡುವ ಮುನ್ನ ಹೊಸಬರನ್ನು ಮೂರು ನಾಲ್ಕು ವಾರ ಬೇರೆ ಟ್ಯಾಂಕ್‌ನಲ್ಲಿ ಇಟ್ಟು ನೋಡಿ. ಲೋಚ್‌ಗಳಿಗೆ ಬಿಳಿಚುಕ್ಕೆ ರೋಗ ಬೇಗ ತಗಲುತ್ತದೆ, ಔಷಧಿಯಿಂದಲೂ ಬೇಗ ತೊಂದರೆಯಾಗುತ್ತದೆ. ಬಿಡುವ ದಿನ ಮೂರನೇ ಒಂದು ಭಾಗ ನೀರು ಬದಲಿಸಿ, ಕಲ್ಲು, ಕೊರಡುಗಳ ಜಾಗ ಪೂರ್ತಿ ಬದಲಿಸಿ. ಹಳೆಯ ಗಡಿಗಳು ಅಳಿಸಿದರೆ ಹಳಬರೂ ಹೊಸದಾಗಿ ಮನೆ ಹುಡುಕಬೇಕಾಗುತ್ತದೆ. ಸಂಜೆ ದೀಪ ಆರಿಸಿದ ಮೇಲೆ ಬಿಡಿ. ಬಲೆ ಬೇಡ, ಡಬ್ಬಿಯಲ್ಲೇ ಹಿಡಿಯಿರಿ: ಕಣ್ಣಿನ ಕೆಳಗಿರುವ ಮುಳ್ಳನ್ನು ಹೆದರಿದಾಗ ಹೊರಚಾಚುತ್ತವೆ, ಅದು ಬಲೆಗೆ ಸಿಕ್ಕಿಕೊಂಡು ಮೀನಿಗೇ ಗಾಯವಾಗುತ್ತದೆ. ಬರಿಗೈಗೂ ಚುಚ್ಚೀತು.

ಅಡಗುದಾಣ ಮೀನಿನ ಸಂಖ್ಯೆಗಿಂತ ಎರಡಾದರೂ ಹೆಚ್ಚಿರಲಿ. ಆರು ಮೀನಿಗೆ ಎಂಟು. ಒಂದೂವರೆ, ಎರಡು ಇಂಚಿನ ಪಿವಿಸಿ ಪೈಪಿನ ತುಂಡುಗಳು ಸಾಕು, ನೋಟಕ್ಕೆ ಚೆನ್ನಾಗಿಲ್ಲ ಎನ್ನುವುದು ನಮ್ಮ ತಕರಾರು, ಮೀನಿನದ್ದಲ್ಲ. ಎರಡೂ ತುದಿ ತೆರೆದಿರಲೇಬೇಕು. ಒಂದೇ ಬಾಗಿಲಿನ ಗುಹೆಯಲ್ಲಿ ಸೋತದ್ದು ಸಿಕ್ಕಿಬೀಳುತ್ತದೆ. ಟ್ಯಾಂಕಿನ ಈ ತುದಿಯಿಂದ ಆ ತುದಿ ಕಾಣದಂತೆ ನಡುವೆ ಕೊರಡನ್ನೋ ದಟ್ಟ ಗಿಡವನ್ನೋ ಇಡಿ. ಮುಳುಗುವ ಆಹಾರದ ಗುಳಿಗೆಗಳನ್ನು ಮೂರು ಕಡೆ ಹಾಕಿ. ಒಂದೇ ಕಡೆ ಹಾಕಿದರೆ ಯಜಮಾನ ಅಲ್ಲೇ ಕಾವಲು ಕೂರುತ್ತದೆ.

ಮೊದಲ ವಾರ ಗದ್ದಲ ಹೆಚ್ಚುತ್ತದೆ. ರೆಕ್ಕೆ ಸ್ವಲ್ಪ ಹರಿದರೆ ತಾನೇ ಮಾಯುತ್ತದೆ. ಆದರೆ ಒಂದು ಮೀನು ಹೀಟರ್ ಹಿಂದೆಯೋ ಮೇಲಿನ ಮೂಲೆಯಲ್ಲೋ ರೆಕ್ಕೆ ಮುದುಡಿ ನಿಂತಿದ್ದು, ಹೊಟ್ಟೆ ಒಳಸೇರಿದ್ದರೆ ಅದು ಆಟವಲ್ಲ. ಆಗ ಪುಂಡನನ್ನೇ ಒಂದು ವಾರ ಹೊರಗಿಡಿ. ಮರಳಿ ಬರುವಾಗ ಅದು ಹೊಸಬ, ಅರ್ಧ ಗತ್ತು ಇಳಿದಿರುತ್ತದೆ.

ಜೀಬ್ರಾ ಲೋಚ್ ಯೋಯೋಗಿಂತ ಚಿಕ್ಕದು, ಸಾಮಾನ್ಯವಾಗಿ 7–8 ಸೆಂ.ಮೀ., ಸ್ವಭಾವವೂ ಮೃದು. ಅದೂ ಐದಾರರ ಗುಂಪಿನಲ್ಲೇ ಇರಬೇಕು; ಆರು ಯೋಯೋ ಜೊತೆಗೆ ನಿಮ್ಮ ಟ್ಯಾಂಕ್ ಸಾಲದು. ಇನ್ನೊಂದು ಮಾತು. ಜೀಬ್ರಾ ನಮ್ಮದೇ ಮೀನು: ಪಶ್ಚಿಮ ಘಟ್ಟದ್ದು, ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣ ರಾವ್ 1920ರಲ್ಲಿ ತುಂಗಾ ನದಿಯ ಮೀನಿನಿಂದ ಬೋಟಿಯಾ ಸ್ಟ್ರಯಾಟಾ ಎಂದು ವಿವರಿಸಿದ್ದು. ಐಯುಸಿಎನ್ (ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ) ಪಟ್ಟಿಯಲ್ಲಿ ಈಗ ಅಳಿವಿನಂಚಿನ ಜೀವಿ. ಹೊಳೆಯಲ್ಲಿ ಹಿಡಿದದ್ದೋ ಸಾಕಿದ್ದೋ ಎಂದು ಕೇಳದೆ ಕೊಳ್ಳಬೇಡಿ.

ಪ್ರಶ್ನೆ: ಒಂದೇ ಒಂದು ಸ್ಕಂಕ್ ಲೋಚ್ ಇದೆ. ಏಂಜೆಲ್ ಮೀನುಗಳ ರೆಕ್ಕೆ ಕಚ್ಚುತ್ತಿದೆ. ಜೊತೆಗಾರರನ್ನು ತಂದರೆ ಸುಮ್ಮನಾಗುತ್ತದೆಯೇ?

ಉತ್ತರ: ಏಂಜೆಲ್‌ಗಳಿಗೆ ಅದರಿಂದ ನೆಮ್ಮದಿ ಸಿಗದು. ಬೆನ್ನ ಮೇಲೆ ಕಪ್ಪು ಗೆರೆಯ ಈ ಮೀನು ಬೆಳೆಯುವುದು 10 ಸೆಂ.ಮೀ. ಆಸುಪಾಸು, ಜಗಳಗಂಟತನ ಮಾತ್ರ ಗಾತ್ರಕ್ಕೆ ಮೀರಿದ್ದು. ಗುಂಪಿದ್ದರೆ ಸಿಟ್ಟಿನ ಬಹುಪಾಲು ಒಳಗೊಳಗೇ ತೀರುತ್ತದೆ, ಆದರೂ ಉದ್ದ ರೆಕ್ಕೆಯ ನಿಧಾನದ ಮೀನು ಕಂಡರೆ ಬಿಡದು. ಏಂಜೆಲ್‌ಗಳನ್ನು ಇಟ್ಟುಕೊಳ್ಳಿ, ಸ್ಕಂಕ್ ಅನ್ನು ಅದರ ಗುಂಪಿರುವವರಿಗೆ ಕೊಡಿ. ಟೈಗರ್ ಲೋಚ್‌ಗಳಿಗೂ ಇದೇ ಉತ್ತರ.