ಒಬಾಟ್ಸ್ಡಾ: ಬವೇರಿಯಾದ ಚೀಸ್ ಮುದ್ದೆಯ ಪೂರ್ವೋತ್ತರ

ಪ್ರಶ್ನೆ: ಮಗಳು ಮತ್ತು ಅಳಿಯ ಜರ್ಮನಿಯ ಮ್ಯೂನಿಕ್ ನಗರದಲ್ಲಿ ನೆಲೆಸಿದ್ದಾರೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ, ಮರಗಳ ನೆರಳಿನಲ್ಲಿದ್ದ ಬಿಯರ್ ತೋಟವೊಂದರಲ್ಲಿ ಕಿತ್ತಳೆ ಬಣ್ಣದ, ಬೆಣ್ಣೆಯಷ್ಟು ಮೆದುವಾದ ಚೀಸ್ ಮಿಶ್ರಣವೊಂದನ್ನು ಬ್ರೆಡ್‌ ಜೊತೆಗೆ ತಂದಿಟ್ಟರು. ಅದರ ಹೆಸರು ಒಬಾಟ್ಸ್ಡಾ ಎಂದು ಮಗಳು ಹೇಳಿದಳು. ಅದರ ಇತಿಹಾಸವೇನು? ಬಡಿಸುವ ಸರಿಯಾದ ಕ್ರಮ ಯಾವುದು? ಸಸ್ಯಾಹಾರಿಗಳಾದ ನಾವು ಅದನ್ನು ತಿನ್ನಬಹುದೇ, ಇಲ್ಲಿ ಮನೆಯಲ್ಲಿ ಮಾಡಿಕೊಳ್ಳಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬವೇರಿಯಾದ ಆಡುನುಡಿಯಲ್ಲಿ ಒಬಾಟ್ಸ್ಡಾ ಎಂದರೆ ಕಿವುಚಿ ಮುದ್ದೆ ಮಾಡಿದ್ದು ಎಂದರ್ಥ. ಹೆಸರೇ ಅದರ ಹುಟ್ಟನ್ನೂ ತಿಳಿಸುತ್ತದೆ. ಹೆಚ್ಚು ದಿನ ಇಟ್ಟು ಬಲಿತುಹೋದ, ವಾಸನೆ ಜೋರಾದ ಕ್ಯಾಮಂಬರ್ (ಮೇಲೆ ಬಿಳಿ ಬೂಷ್ಟು ಬೆಳೆಸಿದ ಮೆದು ಚೀಸ್) ಚೀಸನ್ನು ಹಾಗೆಯೇ ತಿನ್ನುವುದು ಕಷ್ಟ, ಎಸೆಯುವುದಕ್ಕೆ ಮನಸ್ಸು ಬಾರದು. ಅಂಥದಕ್ಕೆ ಬೆಣ್ಣೆ ಸೇರಿಸಿ ಖಾರವನ್ನು ತಗ್ಗಿಸಿ, ಪಾಪ್ರಿಕಾ ಎಂಬ ಕೆಂಪು ಮೆಣಸಿನ ಪುಡಿ, ಉಪ್ಪು, ಈರುಳ್ಳಿ ಬೆರೆಸಿ ರುಚಿಗಟ್ಟು ಮಾಡಿದ ಗೃಹಿಣಿಯರ ಜಾಣ್ಮೆಯೇ ಈ ತಿನಿಸಿನ ಮೂಲ. ಉಳಿದ ಅನ್ನವನ್ನು ಚಿತ್ರಾನ್ನ ಮಾಡುವ ನಮ್ಮ ಅಡುಗೆಮನೆಗಳಿಗೆ ಈ ಬುದ್ಧಿ ಹೊಸದೇನಲ್ಲ.

ಇದರ ಇತಿಹಾಸವನ್ನು ಚೀಸ್‌ನಿಂದ ಆರಂಭಿಸುವುದಕ್ಕಿಂತ ಬಿಯರ್ ತೋಟದಿಂದಲೇ ಆರಂಭಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಬವೇರಿಯಾದಲ್ಲಿ 16ನೆಯ ಶತಮಾನದಿಂದ ಬೇಸಿಗೆಯಲ್ಲಿ ಬಿಯರ್ ಕುದಿಸುವುದಕ್ಕೆ ನಿಷೇಧವಿತ್ತು. ಆದ್ದರಿಂದ ಚಳಿಗಾಲದಲ್ಲಿ ತಯಾರಿಸಿದ ಬಿಯರನ್ನು ನೆಲಮಾಳಿಗೆಗಳಲ್ಲಿ ತಂಪಾಗಿ ಕಾಪಾಡಿ, ಮಾಳಿಗೆಯ ಮೇಲಿನ ನೆಲಕ್ಕೆ ಬಿಸಿಲು ತಾಗದಂತೆ ಅಗಲ ಎಲೆಯ ಚೆಸ್ಟ್‌ನಟ್ ಮರಗಳನ್ನು ನೆಡುತ್ತಿದ್ದರು. ಆ ನೆರಳಿನಲ್ಲಿಯೇ ಜನ ಕುಳಿತು ಕುಡಿಯತೊಡಗಿದಾಗ, ತಮ್ಮ ವ್ಯಾಪಾರ ಕೆಡುತ್ತಿದೆ ಎಂದು ಊರೊಳಗಿನ ಹೋಟೆಲಿನವರು ದೂರಿದರು. 1812ರ ಜನವರಿಯಲ್ಲಿ ರಾಜ ಒಂದನೆಯ ಮ್ಯಾಕ್ಸಿಮಿಲಿಯನ್ ಜೋಸೆಫ್ ಒಂದು ರಾಜಿ ಮಾಡಿಸಿದನು: ಬಿಯರ್ ತಯಾರಕರು ತಮ್ಮ ಮಾಳಿಗೆಗಳ ಬಳಿ ಬಿಯರನ್ನೂ ಬ್ರೆಡ್ಡನ್ನೂ ಮಾರಬಹುದು, ಬೇರೆ ಊಟತಿಂಡಿಯನ್ನು ಮಾರುವಂತಿಲ್ಲ. ಹೀಗಾಗಿ ಜನರು ಮನೆಯಿಂದಲೇ ಬುತ್ತಿ ಕಟ್ಟಿ ತರತೊಡಗಿದರು. ಇಂದಿಗೂ ಸಾಂಪ್ರದಾಯಿಕ ತೋಟಗಳಲ್ಲಿ ಮೇಜುಬಟ್ಟೆ ಹಾಸದ ಮೇಜುಗಳಲ್ಲಿ ಕುಳಿತು, ಬಿಯರನ್ನು ಮಾತ್ರ ಕೊಂಡು, ಸ್ವಂತ ಬುತ್ತಿಯನ್ನು ಬಿಚ್ಚಿ ತಿನ್ನಲು ಅವಕಾಶವಿದೆ. ಡಬ್ಬಿಯಲ್ಲಿ ತುಂಬಿ ಒಯ್ಯಬಹುದಾದ, ಬಿಸಿ ಮಾಡಬೇಕಿಲ್ಲದ, ಬ್ರೆಡ್ಡಿಗೆ ಸವರಿದರೆ ಸಾಕಾದ ಒಬಾಟ್ಸ್ಡಾ ಈ ಬುತ್ತಿಗೆ ಹೇಳಿ ಮಾಡಿಸಿದಂತಿತ್ತು.

ಬವೇರಿಯಾದ ನೈರುತ್ಯಕ್ಕಿರುವ ಆಲ್ಗಾಯ್ ಬೆಟ್ಟನಾಡಿನಲ್ಲಿ ಮೆದು ಚೀಸ್ ತಯಾರಿಕೆ ಬೇರೂರಿದ್ದು 19ನೆಯ ಶತಮಾನದಲ್ಲಿ. ಅದರ ಬೆಳವಣಿಗೆಯಲ್ಲಿ ಕಾರ್ಲ್ ಹಿರ್ನ್‌ಬೈನ್ ಎಂಬವರ ಪಾತ್ರ ದೊಡ್ಡದು. ಫ್ರಾನ್ಸ್ ಮೂಲದ ಕ್ಯಾಮಂಬರ್ ಅಲ್ಲಿ ತಯಾರಾಗತೊಡಗಿದ್ದು ಅದಕ್ಕೂ ಆಮೇಲೆ. ಮನೆಬುತ್ತಿಯ ಈ ತಿನಿಸಿಗೆ ಹೋಟೆಲಿನ ತಟ್ಟೆಯಲ್ಲಿ ಗೌರವದ ಸ್ಥಾನ ದೊರೆತದ್ದು 1920ರ ದಶಕದಲ್ಲಿ, ಮ್ಯೂನಿಕ್‌ಗೆ ಸಮೀಪದ ಫ್ರೈಸಿಂಗ್‌ನಲ್ಲಿ. ಅಲ್ಲಿನ ವೈಹೆನ್‌ಷ್ಟೆಫಾನ್ ಬಿಯರ್ ಮನೆಯ ಒಡತಿ ಕಥರಿನಾ ಐಸೆನ್‌ರೈಖ್ ಅದನ್ನು ಅತಿಥಿಗಳಿಗೆ ಬಡಿಸಿ ಮನೆಮಾತಾಗಿಸಿದರು. 2015ರಲ್ಲಿ ಐರೋಪ್ಯ ಒಕ್ಕೂಟ ಈ ಹೆಸರಿಗೆ ಭೌಗೋಳಿಕ ಸೂಚಕದ ರಕ್ಷಣೆ ನೀಡಿತು. ಧಾರವಾಡ ಪೇಡಕ್ಕೂ ಬ್ಯಾಡಗಿ ಮೆಣಸಿನಕಾಯಿಗೂ ನಮ್ಮಲ್ಲಿ ದೊರೆತಿರುವಂಥ ಮಾನ್ಯತೆಯೇ ಅದು. ಆ ಹೆಸರಿನಲ್ಲಿ ಮಾರುವುದು ಬವೇರಿಯಾದಲ್ಲಿಯೇ ತಯಾರಾಗಿರಬೇಕು, ಮತ್ತು ಅದರಲ್ಲಿ ಕ್ಯಾಮಂಬರ್ ಅಥವಾ ಅದೇ ಬಗೆಯ ಬ್ರೀ ಚೀಸ್ ಕನಿಷ್ಠ ಶೇ 40ರಷ್ಟು ಇರಬೇಕು. ಬೆಣ್ಣೆ, ಪಾಪ್ರಿಕಾ, ಉಪ್ಪು ಕಡ್ಡಾಯ. ಈರುಳ್ಳಿ, ಜೀರಿಗೆಯನ್ನು ಹೋಲುವ ಕ್ಯಾರವೇ ಕಾಳು, ಬಿಯರ್ ಇವೆಲ್ಲ ಮಾಡುವವರ ಇಷ್ಟಕ್ಕೆ ಬಿಟ್ಟದ್ದು.

ಇನ್ನು ಮಾಡುವ ಮತ್ತು ಬಡಿಸುವ ಕ್ರಮ. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಚೀಸ್‌ನ ಹದ. ಕ್ಯಾಮಂಬರ್‌ನ ಮೇಲಿನ ಬಿಳಿ ಬೂಷ್ಟು ಚೀಸ್‌ನ ಹುಳಿಯನ್ನು ತಿನ್ನುತ್ತಾ, ಅದರೊಳಗಿನ ಪ್ರೋಟೀನನ್ನು ಒಡೆಯುತ್ತಾ, ಹೊರಗಿನಿಂದ ಒಳಕ್ಕೆ ಹಣ್ಣಾಗಿಸುತ್ತಾ ಹೋಗುತ್ತದೆ. ಎಳೆಯದರ ನಡುವೆ ಸುಣ್ಣದಂಥ ಗಟ್ಟಿ ತಿರುಳಿದ್ದರೆ, ಹಣ್ಣಾದದ್ದು ಬೆರಳೊತ್ತಿದರೆ ಒಳಗೆ ಕುಸಿಯುತ್ತದೆ. ಎಳೆಯ ಚೀಸ್ ಹಾಕಿದರೆ ಮಿಶ್ರಣ ಹರಳುಹರಳಾಗಿ, ಸಪ್ಪೆಯಾಗಿ ಉಳಿಯುತ್ತದೆ. ಹಣ್ಣಾದ ಕ್ಯಾಮಂಬರ್ 250 ಗ್ರಾಂ, ಕೋಣೆಯ ಉಷ್ಣತೆಗೆ ಬಂದ ಬೆಣ್ಣೆ 70 ಗ್ರಾಂ, ಸಿಹಿ ಪಾಪ್ರಿಕಾ ಒಂದು ಚಮಚ, ಉಪ್ಪು ಮತ್ತು ಕಾಳುಮೆಣಸು ರುಚಿಗೆ ತಕ್ಕಷ್ಟು ತೆಗೆದುಕೊಂಡು ಫೋರ್ಕಿನಿಂದ ಕಿವುಚಬೇಕು. ಮಿಕ್ಸಿಯನ್ನು ದಯವಿಟ್ಟು ಬಳಸಬೇಡಿ. ಅಲ್ಲಲ್ಲಿ ಚೀಸ್‌ನ ಚೂರು ಬಾಯಿಗೆ ಸಿಗುವುದೇ ಈ ತಿನಿಸಿನ ಸೊಗಸು. ಪಾಪ್ರಿಕಾದ ಬಣ್ಣ ಜಿಡ್ಡಿನಲ್ಲಿ ಕರಗುವಂಥದು, ಆದ್ದರಿಂದ ಅದನ್ನು ಮೊದಲು ಬೆಣ್ಣೆಗೆ ಬೆರೆಸಿದರೆ ಕಿತ್ತಳೆ ಬಣ್ಣ ಒಂದೇ ಸಮನಾಗಿ ಹರಡುತ್ತದೆ. ಪಾಪ್ರಿಕಾ ದೊರೆಯದಿದ್ದರೆ ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಯ ನುಣ್ಣನೆಯ ಪುಡಿಯನ್ನು ಅರ್ಧದಷ್ಟು ಹಾಕಬಹುದು. ಕ್ಯಾರವೇ ಕಾಳಿನ ಬದಲು ನಮ್ಮ ಜೀರಿಗೆಯನ್ನು ಮಾತ್ರ ಹಾಕಬೇಡಿ. ನೋಡಲು ಎರಡೂ ಒಂದೇ ಬಗೆಯಾಗಿದ್ದರೂ ಜೀರಿಗೆಯ ಘಮಲು ಚೀಸ್‌ನ ರುಚಿಯನ್ನೇ ಮುಚ್ಚಿಬಿಡುತ್ತದೆ.

ಈರುಳ್ಳಿಯನ್ನು ಬಡಿಸುವ ಹೊತ್ತಿಗೇ ಹೆಚ್ಚಿ ಸೇರಿಸಬೇಕು. ಹೆಚ್ಚಿದ ಈರುಳ್ಳಿ ಚೀಸ್‌ನೊಳಗೆ ಕುಳಿತಷ್ಟು ಹೊತ್ತೂ ಕಟುವಾಗುತ್ತಾ, ಕಹಿಯಾಗುತ್ತಾ ಹೋಗಿ ಇಡೀ ಮಿಶ್ರಣವನ್ನು ಕೆಡಿಸುತ್ತದೆ. ಹಿಂದಿನ ದಿನ ಮಾಡಿಟ್ಟ ಒಬಾಟ್ಸ್ಡಾ ಬಾಯಿಗೆ ಹಿಡಿಸದಿದ್ದರೆ ಅದಕ್ಕೆ ಕಾರಣ ಬಹಳ ಮಟ್ಟಿಗೆ ಇದೇ. ಈರುಳ್ಳಿ ಹಾಕದ ಮಿಶ್ರಣ ಫ್ರಿಜ್‌ನಲ್ಲಿ ಎರಡು ದಿನ ಚೆನ್ನಾಗಿರುತ್ತದೆ. ತಿನ್ನುವ ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಬೇಕು, ಏಕೆಂದರೆ ತಣ್ಣಗಿರುವಾಗ ಬೆಣ್ಣೆ ಬಿಗಿದುಕೊಂಡು ರುಚಿ ತಿಳಿಯುವುದಿಲ್ಲ. ಬವೇರಿಯಾದಲ್ಲಿ ಮರದ ಹಲಗೆಯ ಮೇಲೆ ಗುಡ್ಡೆಯಾಗಿ ಇಟ್ಟು, ಮೇಲೆ ಈರುಳ್ಳಿ ಬಿಲ್ಲೆಗಳನ್ನೂ ಚಿಟಿಕೆ ಪಾಪ್ರಿಕಾವನ್ನೂ ಉದುರಿಸಿ, ಪಕ್ಕದಲ್ಲಿ ಉಪ್ಪುಹರಳು ಅಂಟಿಸಿದ ಬ್ರೆಟ್ಸೆನ್ (ಗಂಟಿನಾಕಾರದ ಬ್ರೆಡ್) ಅಥವಾ ರೈ ಹಿಟ್ಟಿನ ಬ್ರೆಡ್ ಇಡುತ್ತಾರೆ. ಜೊತೆಗೆ ಮೂಲಂಗಿ ಇದ್ದೇ ಇರುತ್ತದೆ. ಬಿಳಿ ಮೂಲಂಗಿಯನ್ನು ಸುರುಳಿಯಾಗಿ ಕೊಯ್ದು, ಉಪ್ಪು ಹಚ್ಚಿ, ನೀರು ಬಿಡುವವರೆಗೆ ಕಾಯುತ್ತಾರೆ. ಮೂಲಂಗಿ ಅಳಬೇಕು ಎಂಬುದು ಅಲ್ಲಿನವರ ಮಾತು. ಜಿಡ್ಡಿನ ಚೀಸ್‌ಗೆ ಆ ತಂಪು ಕಟುರುಚಿ ಅಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಮೂಲಂಗಿಯಿಲ್ಲದೆ ಇದನ್ನು ಬಡಿಸುವುದನ್ನು ನಾನು ಒಪ್ಪಲಾರೆ.

ಸಸ್ಯಾಹಾರದ ಪ್ರಶ್ನೆಗೆ ಬರುವುದಾದರೆ, ಹಾಲನ್ನು ಹೆಪ್ಪುಗಟ್ಟಿಸಲು ಬಳಸುವ ರೆನ್ನೆಟ್ ಕರುವಿನ ಜಠರದಿಂದ ಬಂದದ್ದಿರಬಹುದು, ಸೂಕ್ಷ್ಮಾಣುಗಳಿಂದ ಪಡೆದದ್ದೂ ಇರಬಹುದು. ಎರಡೂ ಬಗೆಯ ಚೀಸ್ ಜರ್ಮನಿಯ ಅಂಗಡಿಗಳಲ್ಲಿವೆ. ಮಗಳಿಗೆ ಪೊಟ್ಟಣದ ಮೇಲೆ ‘ಮಿಕ್ರೋಬಿಯೆಲ್’ ಅಥವಾ ‘ವೆಗೆಟಾರಿಶ್’ ಎಂಬ ಪದವನ್ನು ಹುಡುಕಲು ಹೇಳಿ. ಬಿಯರ್ ತೋಟದಲ್ಲಾದರೆ ಬಿಯರ್ ಬೆರೆಸಿದ್ದಾರೆಯೇ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು. ಅದಿಲ್ಲದೆಯೂ ಒಬಾಟ್ಸ್ಡಾ ಪೂರ್ಣವೇ, ಮನೆಯಲ್ಲಿ ಅದರ ಬದಲು ಎರಡು ಚಮಚ ಹಾಲು ಹಾಕಿದರೂ ಮೆದುವಾಗುತ್ತದೆ. ನಮ್ಮಲ್ಲಿ ಕೊಳ್ಳುವಾಗ ಹಸಿರು ಚುಕ್ಕೆ ನೋಡಿ ಕ್ಯಾಮಂಬರ್ ತಂದು, ಬಳಕೆಯ ಅವಧಿ ಮುಗಿಯುವ ಒಂದು ವಾರ ಮೊದಲಿನವರೆಗೆ ಫ್ರಿಜ್‌ನಲ್ಲಿಯೇ ಇಟ್ಟು ಹಣ್ಣಾಗಲು ಬಿಡಿ. ಸ್ಲೈಸ್ ಅಥವಾ ಕ್ಯೂಬ್ ರೂಪದ ಸಂಸ್ಕರಿತ ಚೀಸ್ ಈ ಕೆಲಸಕ್ಕೆ ಬಾರದು. ಕಾಯಿಸಿ ಕರಗಿಸಿದ ಅದು ಎಷ್ಟು ದಿನ ಇಟ್ಟರೂ ಹಣ್ಣಾಗುವುದಿಲ್ಲ.